ನಾಲ್ಕನೇ ಜಾಗ

ಮಂಡಿನೋವಿಗೆಂದು ಮಗಳು ಬಂಗಾರಪೇಟೆಯ ಮೆಡಿಕಲ್ ಸ್ಟೋರಿನಿಂದ ಒಂದು ಎಣ್ಣೆ ತಂದಳು. ಮುಚ್ಚಳ ತಿರುವಿದ್ದೇ ತಡ, ವಿಂಟರ್‌ಗ್ರೀನಿನ ಘಾಟು ಮನೆಯೆಲ್ಲ ತುಂಬಿತು. "ಸಾಕು ಕಣೇ, ಮುಚ್ಚು" ಅಂದೆ. ಯಾವತ್ತು ನನ್ನ ಮಾತು ಕೇಳಿದ್ದಾಳೆ, ಅವತ್ತು ಕೇಳೋಕೆ? ಮಂಡಿಗೆ ತಿಕ್ಕಿ, ಕೈ ತೊಳೆದುಕೊಂಡು ಹೋದಳು. ನಾನು ಆ ವಾಸನೆಯಲ್ಲೇ ಕುಳಿತೆ. ಐವತ್ತರ ದಶಕದ ಕೊನೆಯ ಒಂದು ವರ್ಷ, ಆಷಾಢದಿಂದ ನವರಾತ್ರಿಯವರೆಗೆ, ಉರಿಗಾಂ ಗಣಿ ಕೂಲಿಗಳ ಸಾಲುಮನೆ ಲೈನಿನ ನಮ್ಮ ಮನೆಯಲ್ಲಿ ಆಟವಿದ್ದ ಶನಿವಾರವೆಲ್ಲ ಇದೇ ವಾಸನೆ ಇರುತ್ತಿತ್ತು. ನಮ್ಮ ಯಜಮಾನರು ಫುಟ್‌ಬಾಲಿಗೆ ಹೊರಡುವ ಮುಂಚೆ ಮೊಣಕೈಗೂ ಮೊಣಕಾಲಿಗೂ ಇದನ್ನೇ ಹಚ್ಚಿಕೊಳ್ಳುತ್ತಿದ್ದರು.

ಆಗ ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ತವರು ಬೇತಮಂಗಲದ ಕೆರೆಯ ಕೆಳಗಿನ ಹಳ್ಳಿ. ಗಂಡಿಗೆ ಚಿನ್ನದ ಗಣಿಯಲ್ಲಿ ಕೆಲಸ ಅಂತ ನಮ್ಮಪ್ಪ ಊರೆಲ್ಲ ಸಾರಿಕೊಂಡು ಬಂದಿದ್ದ. ಗಣಿಯಲ್ಲಿ ಕೆಲಸ ಮಾಡುವವನ ಮನೆಗೆ ಚಿನ್ನ ಬರುವುದಿಲ್ಲ, ಧೂಳು ಬರುತ್ತೆ ಅನ್ನುವುದು ನನಗೆ ಗೊತ್ತಾಗಲು ಒಂದು ವಾರ ಸಾಕಾಯಿತು. ಆಷಾಢದ ಗಾಳಿಗೆ, ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಗುಡ್ಡದ ಬಿಳಿ ಪುಡಿ ಎದ್ದು ಬಂದು ಒಗೆದ ಬಟ್ಟೆಯ ಮೇಲೆ, ಮುದ್ದೆಯ ತಟ್ಟೆಯ ಮೇಲೆ ಕೂರುತ್ತಿತ್ತು. ಅದು ಹೊರಗಿನ ಧೂಳು. ಒಳಗಿನ ಧೂಳು ಎಂಥದ್ದು ಅನ್ನುವುದನ್ನು ನಮ್ಮ ಮಾವ ತೋರಿಸುತ್ತಿದ್ದರು. ಇಪ್ಪತ್ತು ವರ್ಷ ಸುರಂಗದಲ್ಲಿ ಕಲ್ಲು ಕೊರೆದವರು. ಈಗ ಬಾಗಿಲ ಬಳಿ ಮಂಚದ ಮೇಲೆ ಕೂತು ಬೆಳಗಿನಿಂದ ಸಂಜೆವರೆಗೆ ಕೆಮ್ಮುತ್ತಿದ್ದರು, ಸಂಜೆಯಿಂದ ಬೆಳಗಿನವರೆಗೂ ಕೆಮ್ಮುತ್ತಿದ್ದರು. ವಯಸ್ಸು ಐವತ್ತೂ ಆಗಿರಲಿಲ್ಲ.

ಆ ಕಾಲದಲ್ಲಿ ಗಂಡನ ಹೆಸರು ಹೇಳುವಂತಿರಲಿಲ್ಲ. ಈಗ ಬರೆಯೋಕೆ ಯಾರ ಅಪ್ಪಣೆ ಬೇಕು? ಅವರ ಹೆಸರು ಚೌಡಪ್ಪ. ಸುರಂಗದೊಳಗೆ ಮೇಲಿನ ಬಂಡೆ ಕುಸಿಯದ ಹಾಗೆ ಮರದ ದಿಮ್ಮಿ ನಿಲ್ಲಿಸುವ ಕೆಲಸ ಅವರದು. ಮಧ್ಯಾಹ್ನದ ಪಾಳಿ. ಗಣಿಗೆ ಇಳಿಯುವ ಬಾವಿಯ ಬಾಯಿಗೆ ಶಾಫ್ಟು ಅನ್ನುತ್ತಿದ್ದರು. ಅಲ್ಲಿ ಕಬ್ಬಿಣದ ಪಂಜರದಂಥ ಕೇಜಿನಲ್ಲಿ ನಿಂತರೆ ಮೈಲಿಗಟ್ಟಲೆ ಕೆಳಗೆ ಇಳಿಸುತ್ತಿತ್ತು. ಮೇಲೆ ಇದ್ದಾಗ ಅವರು ನಮ್ಮ ಲೈನಿನ ಫುಟ್‌ಬಾಲ್ ಟೀಮಿನ ಗೋಲಿ, ಗೋಲು ಕಾಯುವವರು. ಕೈ ಉದ್ದ, ಮಾತು ಕಮ್ಮಿ. ನಾನು ಹತ್ತು ಮಾತು ಆಡಿದರೆ ಒಂದಕ್ಕೆ "ಊಂ" ಅನ್ನುತ್ತಿದ್ದರು. ಅದೂ ಪುಣ್ಯವಿದ್ದ ದಿನ.

ಆಟದ ಮೇಲೆ ನನಗೆ ಯಾವ ಪ್ರೀತಿಯೂ ಇರಲಿಲ್ಲ. ದೊಡ್ಡ ಗಂಡಸರು ಚಡ್ಡಿ ಹಾಕಿಕೊಂಡು ಒಂದು ಚೆಂಡಿನ ಹಿಂದೆ ಬೀಳುವುದನ್ನು ನೋಡಿ, ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಅಂದುಕೊಂಡಿದ್ದೆ. ಆದರೆ ಆ ವರ್ಷ ಸೀಸನ್ ಶುರುವಾಗುವ ಮುಂಚೆ ಆಟದ ಉಸ್ತುವಾರಿಯ ಸಾಹೇಬರು ಹುಡುಗರನ್ನು ನಿಲ್ಲಿಸಿ ಒಂದು ಮಾತು ಹೇಳಿದರು. ಟೀಮು ಕಡೇ ನಾಲ್ಕರಲ್ಲಿ ಬಂದರೆ, ಒಳಗೆ ಇಳಿಯುವ ಆಟಗಾರರಿಗೆಲ್ಲ ಮೇಲಿನ ಕೆಲಸ. ಕಡೇ ನಾಲ್ಕರ ಆಟ ನೋಡಲು ಬೆಂಗಳೂರಿನಿಂದ ದೊಡ್ಡವರು ಬರುತ್ತಾರೆ, ಆಟಗಾರರು ಕೆಮ್ಮುತ್ತಾ ಓಡಿದರೆ ಚೆನ್ನಾಗಿರುವುದಿಲ್ಲವಲ್ಲ! ಮೇಲಿನ ಕೆಲಸ ಅಂದರೆ ವರ್ಕ್‌ಶಾಪೋ, ಮರದ ಡಿಪೋವೋ, ಏನೋ ಒಂದು. ಸೂರ್ಯ ಕಾಣುವ ಕೆಲಸ. ಈ ಸುದ್ದಿಯನ್ನು ಯಜಮಾನರು ಊಟದ ನಡುವೆ, ಸಾರಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿದರು. ಮಂಚದ ಮೇಲೆ ಮಾವ ಕೆಮ್ಮುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಅವತ್ತಿನಿಂದ ಫುಟ್‌ಬಾಲ್ ನನ್ನ ಕೆಲಸವಾಯಿತು.

ಆದರೆ ಕಡೇ ನಾಲ್ಕು ಅಂದರೇನು, ಅಲ್ಲಿಗೆ ಹೋಗುವುದು ಹೇಗೆ ಅಂತ ನನಗೆ ಹೇಳುವವರು ಬೇಕಿತ್ತು. ಯಜಮಾನರನ್ನು ಕೇಳಿದರೆ "ಗೆದ್ರೆ ಓಗ್ತೀವಿ" ಅಂದರು. ದೊಡ್ಡ ವೇದಾಂತ! ಪಕ್ಕದ ಮನೆಯ ಕಣ್ಣಮ್ಮನನ್ನು ಕೇಳಿದೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಬಿದಿರು ತಟ್ಟಿ ಗೋಡೆ. ಅವಳ ಮನೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ. ಅವಳ ಕಡೆಯವರು ತಿರುವಣ್ಣಾಮಲೈ ಕಡೆಯಿಂದ ಬಂದವರು, ಅಣ್ಣ ತಮ್ಮಂದಿರೆಲ್ಲ ಫುಟ್‌ಬಾಲ್ ಆಡಿದವರು. ಗಂಡ ಏಳುಮಲೈ ಕೂಡ ಆಡಿದವನೇ. ಕಾಲ ಮೇಲೆ ಕಲ್ಲು ಬಿದ್ದು ಎರಡು ಬೆರಳು ಹೋದ ಮೇಲೆ ಬಿಟ್ಟಿದ್ದ. ಅವನೂ ಯಜಮಾನರೂ ಒಂದೇ ಕೆಲಸದವರು, ಅವನದು ಬೆಳಗಿನ ಪಾಳಿ.

ಕಣ್ಣಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಬೀಜಗಳನ್ನು ನೆಲಕ್ಕೆ ಸುರಿದು ಪಾಠ ಶುರು ಮಾಡಿದಳು.

"ಎಂಟು ಟೀಮು ಇದಾವೆ. ಎಲ್ಲಾರ್ ಜೊತೆನೂ ಒಂದೊಂದ್ ಸಾರಿ ಆಡ್ಬೇಕು. ಗೆದ್ರೆ ಎರಡು ಪಾಯಿಂಟು, ಸಮ ಆದ್ರೆ ಒಂದು, ಸೋತ್ರೆ ಸೊನ್ನೆ. ಕಡೇಲಿ ಮೇಲಿರೋ ನಾಲ್ಕು ಜನ ಒಳಗೆ, ಮಿಕ್ಕಿದ್ದು ಮನೇಗೆ. ಅಲ್ಲಿಂದ ಮುಂದಕ್ಕೆ ಸೋತೋನು ಔಟು. ತಿಳೀತಾ?"

"ಇಬ್ಬರಿಗೂ ಪಾಯಿಂಟು ಒಂದೇ ಆದ್ರೆ?"

"ಅಪ್ಪಡಿ ಕೇಳು!" ಅಂದು ಅವಳು ಹಿಗ್ಗಿದಳು. "ಅಲ್ಲಿರೋದು ವಿಷಯ. ಆಗ ಗೋಲ್ ಆವರೇಜು. ನಾವು ಆಕಿದ ಗೋಲನ್ನ, ನಾವು ತಿಂದ, ಅಂದ್ರೆ ನಮಗೆ ಬಿದ್ದ ಗೋಲಿಗೆ ಪಾಲು ಮಾಡೋದು. ಒಂದೊಂದು ಪಾಲಿಗೆ ಜಾಸ್ತಿ ಬಂದೋನು ಮೇಲೆ."

ಆಮೇಲೆ ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಗೋಲು ಹಾಕುವುದು ಎಷ್ಟು ಮುಖ್ಯವೋ ತಿನ್ನದೇ ಇರುವುದು ಅದಕ್ಕಿಂತ ಮುಖ್ಯ, ಯಾಕೆಂದರೆ ತಿಂದ ಒಂದೊಂದು ಗೋಲೂ ಪಾಲು ಕೇಳುವ ಇನ್ನೊಂದು ಬಾಯಿ. "ಮನೇಲಿ ದೋಸೆ ಜಾಸ್ತಿ ಉಯ್ಯೋದು ಒಂದು ದಾರಿ, ಮಕ್ಕಳು ಕಮ್ಮಿ ಇರೋದು ಇನ್ನೊಂದು ದಾರಿ" ಅಂದಳು. ಅವಳಿಗೆ ನಾಲ್ಕು ಮಕ್ಕಳು. ತನ್ನ ಮಾತಿಗೆ ತಾನೇ ನಕ್ಕಳು. ನಾನು ನಗಲಿಲ್ಲ, ಗೋಲು ತಿನ್ನದ ಹಾಗೆ ಕಾಯುವವರು ನಮ್ಮೋರು ಅನ್ನುವುದು ತಲೆಗೆ ಹೋಗಿತ್ತು.

ಆಟವೆಲ್ಲ ಶನಿವಾರ ಸಂಜೆ. ಯಜಮಾನರ ಪಾಳಿಯೂ ಅದೇ ಹೊತ್ತಿಗೆ. ರಜೆ ಕೇಳಿದರೆ ಕೂಲಿ ಹೋಗುತ್ತಿತ್ತು, ಕೇಳಿದಾಗೆಲ್ಲ ಸಿಗುತ್ತಲೂ ಇರಲಿಲ್ಲ. ಅದಕ್ಕೆ ಲೈನಿನಲ್ಲಿ ಒಂದು ಪದ್ಧತಿಯಿತ್ತು, ಬದಲಿ. ಆಟಗಾರನ ಬದಲು ಇನ್ನೊಬ್ಬ ಇಳಿಯುವುದು. ಇಳಿಯುವಾಗ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು. ಬದಲಿಗೆ ಹೋದವನು ಆಟಗಾರನ ಬಿಲ್ಲೆ ತೆಗೆದುಕೊಂಡು ಆಟಗಾರನ ಹೆಸರಿನಲ್ಲೇ ಇಳಿಯುತ್ತಿದ್ದ. ಮೇಸ್ತ್ರಿಗೆ ಗೊತ್ತಿರುತ್ತಿತ್ತು. ಅವನೂ ಆಟ ನೋಡುವವನೇ, ಆ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದ. ಸೀಸನ್ ಮುಗಿದ ಮೇಲೆ ಆಟಗಾರನು ಒಂದೊಂದು ಬದಲಿಗೂ ಒಂದೊಂದು ಪಾಳಿ ಇಳಿದು ತೀರಿಸಬೇಕು. ಯಜಮಾನರ ಬದಲಿಗೆ ಇಳಿಯುತ್ತಿದ್ದವನು ಏಳುಮಲೈ. ಬೆಳಗಿನಿಂದ ತನ್ನ ಪಾಳಿ ಮುಗಿಸಿ, ಮೇಲೆ ಬಂದು, ಒಂದು ಚೊಂಬು ಗಂಜಿ ಕುಡಿದು, ಮತ್ತೆ ಚೌಡಪ್ಪನಾಗಿ ಇಳಿಯುತ್ತಿದ್ದ.

ಶನಿವಾರ ನಾನು ಮೈದಾನಕ್ಕೆ ಹೋಗತೊಡಗಿದೆ. ಹೊಸ ಸೊಸೆ ಆಟಕ್ಕೆ ಹೋಗುತ್ತಾಳಂತೆ ಅಂತ ಲೈನಿನ ಮುದುಕಿಯರು ಬಾಯಿ ಮಾಡಿಕೊಂಡರು. ಮಾವ ಮಂಚದಿಂದಲೇ "ಓಗಲಿ ಬಿಡ್ರಮ್ಮ, ನಿಮ್ಮ ಗಂಟೇನು ಓಗ್ತದೆ" ಅಂದರು. ಮೈದಾನದ ಪಕ್ಕದ ಕಲ್ಲುಗುಡ್ಡೆಯ ಮೇಲೆ ಹೆಂಗಸರು ನಿಲ್ಲುತ್ತಿದ್ದೆವು. ಮೊದಲ ಆಟ ನಾಲ್ಕು ಗೋಲಿನಿಂದ ಗೆದ್ದೆವು. ಎರಡನೆಯದನ್ನು ಸೋತೆವು. ಆಮೇಲೆ ಎಲ್ಲ ಸಮ, ಸಮ, ನಡುವೆ ಒಂದು ಗೆಲುವು, ಮತ್ತೆ ಸಮ. ಮನೆಗೆ ಬಂದ ಕೂಡಲೇ ತಟ್ಟಿಯ ಆಚೆಯಿಂದ ಕಣ್ಣಮ್ಮ ಕೂಗುತ್ತಿದ್ದಳು: "ತಿಂದಿದ್ದು ಎಷ್ಟು?" ಅವಳು ಹಾಕಿದ್ದು ಎಷ್ಟು ಅಂತ ಮೊದಲು ಕೇಳಿದ್ದೇ ಇಲ್ಲ. ಉತ್ತರ ಹೇಳಿದರೆ ಬೀಜಗಳ ಸದ್ದು ಕೇಳುತ್ತಿತ್ತು.

ಕಡೆಯ ಆಟದ ಹೊತ್ತಿಗೆ ಮೊದಲ ಮೂರು ಜಾಗ ಭರ್ತಿಯಾಗಿದ್ದವು. ನಾಲ್ಕನೇ ಜಾಗಕ್ಕೆ ಉಳಿದದ್ದು ನಾವು ಮತ್ತು ಕೋರಮಂಡಲ್ ಲೈನಿನವರು. ಅವರ ಆಟಗಳೆಲ್ಲ ಮುಗಿದು ಎಂಟು ಪಾಯಿಂಟು. ನಮ್ಮದು ಏಳು, ಒಂದು ಆಟ ಬಾಕಿ, ಅದೂ ಬಂಗಾರಪೇಟೆಯವರ ಮೇಲೆ. ಅವರು ಪಟ್ಟಿಯ ತಳದಲ್ಲಿದ್ದರು. ಗಣಿಯವರಲ್ಲ, ಮಂಡಿ ಗುಮಾಸ್ತರು, ಸ್ಟೇಷನ್ನಿನ ಹುಡುಗರು ಸೇರಿ ಕಟ್ಟಿದ ಟೀಮು. ಗೆದ್ದರೂ ಸೋತರೂ ಅವರಿಗೆ ಏನೂ ಇರಲಿಲ್ಲ.

ಹಿಂದಿನ ದಿನ ಕಣ್ಣಮ್ಮ ನನ್ನನ್ನು ಕೂರಿಸಿಕೊಂಡು ಕಡೆಯ ಲೆಕ್ಕ ಮಾಡಿದಳು.

"ಗೆದ್ರೆ ಯೋಚನೇನೇ ಇಲ್ಲ. ಸೊನ್ನೆ-ಸೊನ್ನೆ ಆದ್ರೂ ಬದುಕ್ಕೊಂಡ್ವಿ. ಪಾಯಿಂಟು ಸಮ ಆಗ್ತದೆ, ಪಾಲು ನೋಡು: ನಮ್ದು ಆಕಿದ್ದು ಎಂಟು, ತಿಂದಿದ್ದು ನಾಲ್ಕು. ಒಂದೊಂದು ಬಾಯಿಗೂ ಸರಿಯಾಗಿ ಎರಡು ದೋಸೆ. ಅವರ್ದು ಆಕಿದ್ದು ಹನ್ನೊಂದು, ತಿಂದಿದ್ದು ಆರು. ಆರು ಬಾಯಲ್ಲಿ ಒಂದಕ್ಕೆ ಒಂದು ದೋಸೆ ಕಮ್ಮಿ. ನಾವೇ ಮೇಲೆ."

"ಒಂದು-ಒಂದು ಆದ್ರೆ?"

ಅವಳು ಎರಡೂ ಕಡೆಗೆ ಒಂದೊಂದು ಬೀಜ ಇಟ್ಟು ಎಣಿಸಿದಳು. "ನಮ್ದು ಒಂಬತ್ತು, ಐದು. ಐದು ಬಾಯಲ್ಲಿ ಒಂದಕ್ಕೆ ಕಮ್ಮಿ. ಅವರ್ದು ಆರು ಬಾಯಲ್ಲಿ ಒಂದಕ್ಕೆ ಕಮ್ಮಿ. ಯಾರ ಮನೆ ವಾಸಿ, ನೀನೇ ಹೇಳು."

"ಆರು ಬಾಯಿಯೋರದು."

"ಆಂ. ಆಗ ಓದ್ವಿ" ಅಂದಳು. "ನಿನ್ನ ಯಜಮಾನ್ರಿಗೆ ಹೇಳು. ನಾಳೆ ಆಕದೇ ಓದ್ರೂ ಪರ್ವಾಗಿಲ್ಲ, ತಿನ್ನೋದು ಬೇಡ."

ನಾನು ಹೇಳಿದೆ. "ಊಂ" ಅಂದರು.

ಶನಿವಾರ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಏಳುಮಲೈ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತು ಯಜಮಾನರಿಗೆ, "ಡೇ ಚೌಡಿ, ನಿನ್ನ ಬಿಲ್ಲೇಲಿ ಇದೇ ಕಡೇ ಸಾರಿ ಇಳಿಯೋದು ನಾನು. ನೀನು ಮೇಲೆ ಸಾಹೇಬ್ರು ತರ ಇರು" ಅಂತ ನಕ್ಕು ಹೋದ. ರೆಫರಿ ಕೋಲಾರದ ಕಡೆಯಿಂದ ಬಂದ ಹೊಸಬರು, ಯಾವುದೋ ಸ್ಕೂಲಿನ ಡ್ರಿಲ್ ಮೇಷ್ಟ್ರು. ಆಟ ಅಷ್ಟಕ್ಕಷ್ಟೆ ಇತ್ತು. ಎರಡನೇ ಅರ್ಧದಲ್ಲಿ ನಮ್ಮವರು ಹೇಗೋ ತಳ್ಳಾಡಿ ಒಂದು ಗೋಲು ಹಾಕಿದರು. ಆಮೇಲೆ ಬಂಗಾರಪೇಟೆಯವರು ಎರಡು ಸಾರಿ ನುಗ್ಗಿ ಬಂದರು, ಎರಡು ಸಾರಿಯೂ ಯಜಮಾನರು ಚೆಂಡನ್ನು ಎದೆಗೆ ಅಪ್ಪಿಕೊಂಡರು. ಮುಗಿಯಲು ಇನ್ನೇನು ಸ್ವಲ್ಪ ಹೊತ್ತು. ಪಕ್ಕದಲ್ಲಿದ್ದವಳೊಬ್ಬಳು ಆಗಲೇ ನನ್ನ ಕೈ ಹಿಡಿದು, "ನಿಂಗೇನಮ್ಮ, ಇನ್ಮೇಲೆ ಗಂಡನ ಮುಖ ಸಂಜೆವೊತ್ತಲ್ಲಿ ನೋಡ್ತೀಯ" ಅಂದಿದ್ದಳು.

ಆಗ ನೆಲ ನಡುಗಿತು.

ಗಣಿಯ ಊರಿನಲ್ಲಿ ಇರದವರಿಗೆ ಇದನ್ನು ಹೇಳುವುದು ಕಷ್ಟ. ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿಯುತ್ತದೆ, ಬರ್ಸ್ಟ್ ಅನ್ನುತ್ತಿದ್ದರು. ಮೇಲೆ ನಮಗೆ ಕಾಲಡಿಯಲ್ಲಿ ಒಂದು ಗುದ್ದು, ಆಮೇಲೆ ಒಂದು ನಡುಕ, ಅಷ್ಟೆ. ಅಷ್ಟಾದರೆ ಸಾಕು, ಇಡೀ ಊರು ಮಾಡುತ್ತಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಿತ್ತು. ಒಲೆಯ ಮೇಲಿನ ಅನ್ನ ಸೀಯುತ್ತಿತ್ತು, ಅರ್ಧ ಕ್ಷೌರ ಮಾಡಿಸಿಕೊಂಡವನು ಅರ್ಧ ಮುಖದಲ್ಲೇ ಓಡುತ್ತಿದ್ದ. ಓಡಿ ಅಂತ ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅವತ್ತೂ ಹಾಗೇ ಆಯಿತು. ಕಲ್ಲುಗುಡ್ಡೆಯ ಹೆಂಗಸರು ಇಳಿದರು, ನೋಡುತ್ತಿದ್ದವರು ತಿರುಗಿದರು, ನಮ್ಮ ಟೀಮಿನವರು ಚೆಂಡು ಬಿಟ್ಟರು. ಎಲ್ಲರಿಗಿಂತ ಮೊದಲು ಓಡಿದವರು ನಮ್ಮ ಯಜಮಾನರು. ಗೋಲಿನ ಕಂಬದ ಪಕ್ಕದಿಂದ ಹಾದು, ಹಿಂದಕ್ಕೂ ನೋಡದೆ ಓಡಿದರು.

ನಾನು ನೋಡಿದೆ. ಓಡಬೇಕಾದ ನಾನು ನಿಂತು ನೋಡಿದೆ. ಬಂಗಾರಪೇಟೆಯ ಹುಡುಗನೊಬ್ಬನ ಕಾಲಲ್ಲಿ ಚೆಂಡಿತ್ತು. ಅವನು ಸುತ್ತ ನೋಡಿದ, ಯಾರೂ ತಡೆಯಲಿಲ್ಲ. ಮೆಲ್ಲಗೆ ತಳ್ಳಿಕೊಂಡು ಹೋಗಿ ಖಾಲಿ ಗೋಲಿನೊಳಗೆ ಒದ್ದ. ರೆಫರಿ ಆಗ ಸೀಟಿ ಊದಿದರು. ಆಟ ನಿಲ್ಲಿಸಲಿಕ್ಕಲ್ಲ, ಗೋಲಿಗೆ. ಒಂದು-ಒಂದು. ನನಗೆ ಬೀಜಗಳು ಕಣ್ಣ ಮುಂದೆ ಬಂದವು. ಆಮೇಲೆ ನಾನೂ ಓಡಿದೆ.

ಶಾಫ್ಟಿನ ಬಳಿ ಜನ ಕಿಕ್ಕಿರಿದಿದ್ದರು. ಮುಂದೆ ಕಣ್ಣಮ್ಮ ನಿಂತಿದ್ದಳು, ಸೊಂಟದಲ್ಲಿ ಕಿರಿಯ ಮಗು. ಅವಳ ಪಕ್ಕದಲ್ಲಿ ಯಜಮಾನರು, ಗೋಲಿಯ ಹಳದಿ ಅಂಗಿಯಲ್ಲೇ. ನನಗೆ ಎಲ್ಲಿಂದ ಸಿಟ್ಟು ಬಂತೋ. "ಗೋಲು ಬಿಟ್ಟು ಬಂದ್ರಲ್ಲಾ! ಆಕ್ಬಿಟ್ರು, ಖಾಲಿ ಗೋಲಿಗೆ ಆಕ್ಬಿಟ್ರು! ಓಯ್ತು ಎಲ್ಲಾ!" ಅಂತ ಕೂಗಿದೆ. ಕಣ್ಣಮ್ಮನ ಎದುರಿಗೇ ಕೂಗಿದೆ. ಕೂಗಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಅವಳ ಗಂಡ ಒಳಗಿದ್ದ ನಿಜ, ನನ್ನ ಗಂಡನೂ ಇನ್ನು ಜನ್ಮಪೂರ್ತಿ ಒಳಗೇ ಅಲ್ಲವೇ? ಯಜಮಾನರು ನನ್ನ ಕಡೆ ತಿರುಗಲಿಲ್ಲ. ಕಣ್ಣಮ್ಮನೂ ತಿರುಗಲಿಲ್ಲ. ಇಬ್ಬರೂ ಕೇಜನ್ನು ನೋಡುತ್ತಿದ್ದರು.

ಕೇಜು ಮೇಲೆ ಬಂದಾಗೆಲ್ಲ ಒಬ್ಬ ಗುಮಾಸ್ತ ಬಿಲ್ಲೆ ನೋಡಿ ಬಂದವರ ಹೆಸರು ಕೂಗುತ್ತಿದ್ದ. ಒಂದೊಂದು ಹೆಸರಿಗೆ ಗುಂಪಿನಲ್ಲಿ ಎಲ್ಲೋ ಒಂದು ಕಡೆ ಅಳು, ನಗು. ಮೂರನೆಯದೋ ನಾಲ್ಕನೆಯದೋ ಕೇಜಿಗೆ ಅವನು ಕೂಗಿದ: "ಚೌಡಪ್ಪ!"

ಚೌಡಪ್ಪನವರು ನನ್ನ ಪಕ್ಕದಲ್ಲಿ ನಿಂತಿದ್ದರು. ಕಣ್ಣಮ್ಮ "ಮುರುಗಾ!" ಅಂದು ಮಗುವನ್ನು ಯಜಮಾನರ ಕೈಗೆ ಕೊಟ್ಟು ನೆಲಕ್ಕೆ ಕುಸಿದಳು. ಕೇಜಿನಿಂದ ಏಳುಮಲೈ ಇಳಿದು ಬಂದ. ಮೈಯೆಲ್ಲ ಧೂಳು, ಎಲ್ಲೂ ಒಂದು ಗೀರೂ ಇರಲಿಲ್ಲ. ಸಿಡಿದದ್ದು ಬೇರೆ ಯಾವುದೋ ಹಳೆಯ ಕೊರಕಲಿನಲ್ಲಂತೆ, ಅಲ್ಲಿ ಜನರೇ ಇರಲಿಲ್ಲವಂತೆ. ಅವತ್ತು ಯಾರಿಗೂ ಏನೂ ಆಗಲಿಲ್ಲ. ಏಳುಮಲೈ ಹಳದಿ ಅಂಗಿಯನ್ನು ನೋಡಿ ಕಣ್ಣು ಬಿಟ್ಟ.

"ಮ್ಯಾಚ್ ಮುಗೀತಾ?"

"ಇಲ್ಲ" ಅಂದರು ಯಜಮಾನರು.

"ಡೇ ಪೈತ್ಯಕಾರಾ! ಗೋಲ್ ಬಿಟ್ಟು ಬಂದಿಯಾ? ನಾನೇನು ಚಿಕ್ಕ ಮಗೂನಾ, ಕರ್ಕೊಂಡೋಗೋಕೆ ಬಂದ್ಯಾ?" ಅಂತ ಅವನು ಬಾಯಿಗೆ ಬಂದಂತೆ ಬೈದ. ಬೈಯುತ್ತಾ ಬೈಯುತ್ತಾ ಅತ್ತ. ಯಜಮಾನರು ಅವನ ಮಗುವನ್ನು ಅವನ ಕೈಗೆ ಕೊಟ್ಟರು.

ಗೋಲು ಹಾಕಿದ ಹುಡುಗ ಜನರ ಹಿಂದೆ ಬಂದು ಅಲ್ಲೇ ನಿಂತಿದ್ದ. ಗೋವಿಂದ ಅಂತ, ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಯ ಗುಮಾಸ್ತ. ವಿಷಯ ಗೊತ್ತಾಗಿ ಅವನ ಮುಖ ಇಷ್ಟೇ ಇಷ್ಟಾಗಿತ್ತು.

"ಅಣ್ಣಾ, ನಂಗೆ ಗೊತ್ತಾಗ್ಲಿಲ್ಲ. ನಾವು ರೈಲ್ವೇ ಲೈನ್ ಪಕ್ಕ ಇರೋರು. ನಮ್ಮೂರಲ್ಲಿ ನೆಲ ಅದುರಿದ್ರೆ ಟ್ರೈನು ಓಯ್ತು ಅಂತ. ಎಲ್ಲಾ ಓಡ್ತಾವ್ರೆ, ಯಾಕೋ ಏನೋ ಅಂದ್ಕೊಂಡೆ."

"ನಿಂದೇನು ತಪ್ಪಿಲ್ಲ ಬಿಡಪ್ಪ" ಅಂದರು ಯಜಮಾನರು. ಅವರ ಬಾಯಿಂದ ಒಂದೇ ಸಾರಿಗೆ ಅಷ್ಟು ಮಾತು ಬಂದದ್ದು ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಆ ಹುಡುಗ ಒಳ್ಳೆಯವನು. ಸೋಮವಾರ ಬಸ್ಸು ಹತ್ತಿ ಬಂದು, ಲೀಗು ನಡೆಸುವವರ ಮುಂದೆ ನಿಂತು, ಆ ಗೋಲು ಬೇಡ, ತೆಗೆದುಹಾಕಿ ಅಂದನಂತೆ. ಅವರು ಅವನ ಬೆನ್ನು ತಟ್ಟಿದರಂತೆ. ಆದರೆ ಸೀಟಿ ಊದುವವರೆಗೂ ಆಟ ಆಟವೇ, ನೆಲ ನಡುಗಿದರೆ ಆಟ ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ ಅಂದರಂತೆ. ಅದೂ ಸರಿಯೇ. ಇಲ್ಲಿಯವರೇ ರೆಫರಿಯಾಗಿದ್ದರೆ ಸೀಟಿ ಎಸೆದು ಅವರೂ ಓಡುತ್ತಿದ್ದರು. ಅದಕ್ಕೇ ಯಾರಿಗೂ ಬರೆಯಬೇಕು ಅನ್ನಿಸಿರಲಿಲ್ಲ. ಮುಂದಿನ ವರ್ಷ ಬರೆದರು. ನಮಗೆ ಅದರಿಂದ ಬಂದ ಭಾಗ್ಯವೇನೂ ಇಲ್ಲ. ಐದು ಬಾಯಿಯ ಮನೆಗೂ ಆರು ಬಾಯಿಯ ಮನೆಗೂ ಇರುವ ಅಷ್ಟು ಸಣ್ಣ ವ್ಯತ್ಯಾಸದಲ್ಲಿ ಕೋರಮಂಡಲ್‌ನವರು ನಾಲ್ಕನೇ ಜಾಗಕ್ಕೆ ಹೋದರು. ಮುಂದಿನ ವರ್ಷಗಳಲ್ಲಿ ನಮ್ಮ ಟೀಮು ಅಷ್ಟು ಹತ್ತಿರಕ್ಕೂ ಬರಲಿಲ್ಲ. ಮೇಲಿನ ಕೆಲಸ ಯಜಮಾನರಿಗೆ ಕಡೆಗೂ ಸಿಗಲಿಲ್ಲ. ಮಾವನ ಮಂಚದ ಮೇಲೆ ಅವರು ಕೂತು ಕೆಮ್ಮುವ ಕಾಲವೂ ಬಂತು. ಅದನ್ನೆಲ್ಲ ಬರೆಯುವುದಿಲ್ಲ, ಬರೆದರೆ ಮುಗಿಯುವುದಿಲ್ಲ.

ನಾನು ಅವರ ಜೊತೆ ಒಂದು ವಾರ ಮಾತು ಬಿಟ್ಟೆ. ಮಾತಾಡದವರ ಜೊತೆ ಮಾತು ಬಿಟ್ಟರೆ ಅದು ಅವರಿಗೆ ಗೊತ್ತಾಗುವುದೂ ಕಷ್ಟ! ಮೊದಲ ದಿನ ಮಾತ್ರ ಕೇಳಿದೆ, "ಸೀಟಿ ಊದೋವರ್ಗೂ ನಿಲ್ಲಬಾರ್ದಾಗಿತ್ತಾ? ನಿಂತಿದ್ರೂ ಅವನಿಗೇನೂ ಆಗ್ತಿರ್ಲಿಲ್ಲ, ಓಡಿದ್ರೂ ಏನೂ ಆಗ್ಲಿಲ್ಲ."

"ನನ್ನ ಬಿಲ್ಲೇಲಿ ಇಳ್ದಿದ್ದ" ಅಂದರು. ಅಷ್ಟೆ.

ಮುಂದಿನ ಶನಿವಾರ ಕಡೇ ನಾಲ್ಕರ ಮೊದಲ ಆಟ. ಕೋರಮಂಡಲ್‌ನವರದೇ. ಲೈನು ಲೈನೇ ಖಾಲಿಯಾಗಿ ದೊಡ್ಡ ಮೈದಾನಕ್ಕೆ ಹೋಯಿತು. ಯಜಮಾನರು ಆ ದಿನ ಬೆಳಗಿನ ಪಾಳಿಗೇ ಹೊರಟರು. ನಮ್ಮ ಸೀಸನ್ ಮುಗಿದಿತ್ತಲ್ಲ, ಬದಲಿ ತೀರಿಸಲು ಶುರು ಮಾಡಬೇಕಿತ್ತು. ಏಳುಮಲೈ ಬೇಡ ಅಂದ, ಬೈದ, ಬಿಲ್ಲೆ ಕೊಡುವುದಿಲ್ಲ ಅಂದ. ಇವರು ಕೇಳಲಿಲ್ಲ. ಬೆಳಗ್ಗೆ ಏಳುಮಲೈನ ಬಿಲ್ಲೆಯಲ್ಲಿ ಇಳಿದರು, ಮಧ್ಯಾಹ್ನ ಮೇಲೆ ಬಂದು ಗಂಜಿ ಕುಡಿದು, ತಮ್ಮ ಪಾಳಿಗೆ ಮತ್ತೆ ಇಳಿದರು.

ಬೆಳಗ್ಗೆಯೆಲ್ಲ ನನಗೆ ಕೈ ಕೆಲಸಕ್ಕೆ ಹೋಗಲಿಲ್ಲ. ಅವರು ಪ್ರತಿದಿನ ಇಳಿಯುವವರೇ, ನಾನು ಪ್ರತಿದಿನ ಹೆದರುವವಳೇ. ಆದರೂ ಅವತ್ತಿನದು ಬೇರೆ. ಬೇರೆಯವನ ಹೆಸರಿನಲ್ಲಿ ಇಳಿದವನನ್ನು ಕಾಯುವ ದೇವರು ಯಾರು? ಹೊಸ್ತಿಲಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಒತ್ತಿಕೊಂಡೆ, ನಡುಗುತ್ತದೆಯೋ ಅಂತ. ಕಣ್ಣಮ್ಮ ಬಂದು ಪಕ್ಕದಲ್ಲಿ ಕೂತಳು. ನನ್ನ ಕೈಯನ್ನು ನೋಡಿದಳು.

"ನೆಲಕ್ಕಿಂತ ಗೋಡೆ ಮುಟ್ಕೊಂಡಿರು" ಅಂದಳು. "ತಟ್ಟಿ ಮೊದಲು ಅದುರ್ತದೆ. ನಾನು ಆ ಕಡೆಯಿಂದ ಕೈ ಇಟ್ಕೊಂಡಿರ್ತಿದ್ದೆ."

"ಯಾವಾಗ?"

"ನೀನು ಮ್ಯಾಚಿಗೆ ಓದಾಗೆಲ್ಲ."

ಅವಳು ಒಂದು ಆಟಕ್ಕೂ ಬಂದಿರಲಿಲ್ಲ. ಅಷ್ಟು ಫುಟ್‌ಬಾಲ್ ಹುಚ್ಚಿನವಳು ಯಾಕೆ ಬರುವುದಿಲ್ಲ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ, ಮಕ್ಕಳಿದ್ದಾವೆ ಅಂದುಕೊಂಡಿದ್ದೆ. ಆಮೇಲೆ ಇನ್ನೊಂದು ಹೊಳೆಯಿತು. ಮೇಲಿನ ಕೆಲಸಕ್ಕೆ ಹೋದವನಿಗೆ ಒಳಗಿನ ಬಿಲ್ಲೆ ಇರುವುದಿಲ್ಲ. ಅವನು ಮತ್ತೆ ಇಳಿಯುವಂತಿಲ್ಲ, ಬದಲಿ ತೀರಿಸುವಂತಿಲ್ಲ.

"ಅಕ್ಕಾ, ನಾವು ಗೆದ್ದಿದ್ರೆ ಏಳುಮಲೈ ಅಣ್ಣನ ಪಾಳಿ ಯಾವುದೂ ವಾಪಸ್ ಬತ್ತಿರ್ಲಿಲ್ಲ."

"ಗೊತ್ತು" ಅಂದಳು ಕಣ್ಣಮ್ಮ.

"ಅಣ್ಣಂಗೆ?"

"ಅವ್ರೇ ನಂಗೆ ಹೇಳಿದ್ದು. ಚೌಡಿ ಮೇಲಕ್ಕೋದ್ರೆ ಸಾಕು, ಎರಡು ಮನೇಲಿ ಒಂದು ಮನೆ ಆದ್ರೂ ನಿದ್ದೆ ಮಾಡ್ಲಿ ಅಂದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಸುಮ್ಮನೆ ಕೂಗಾಡ್ಬಿಟ್ಟೆ ಅವತ್ತು."

ತಟ್ಟಿಯ ಮೇಲೆ ಕೈಯಿಟ್ಟೆ, ಅವಳೂ ಇಟ್ಟಳು. ಪಾಳಿ ಮುಗಿಯುವ ಮಧ್ಯಾಹ್ನದ ಸೈರನ್ ಕೂಗುವವರೆಗೂ ಹಾಗೇ ಇದ್ದೆವು.

ಭಾನುವಾರ ಬೆಳಗ್ಗೆ ಯಜಮಾನರಿಗೆ ಮುದ್ದೆ ಇಟ್ಟು, ಎದುರಿಗೆ ಕೂತು, ವಾರದ ಮೇಲೆ ಮೊದಲ ಸಲ ಮಾತಾಡಿದೆ.

"ಇನ್ನೂ ಎಷ್ಟು ಪಾಳಿ ಅವೆ ತೀರ್ಸೋಕೆ?"

"ಆರು."

"ತೀರ್ಸಿಬಿಡಿ" ಅಂದೆ. ಗಂಡ ಮೇಲೆ ಬರಲಿ ಅಂತ ಒಂದು ಸೀಸನ್ನೆಲ್ಲ ಕಲ್ಲುಗುಡ್ಡೆ ಹತ್ತಿ ನಿಂತವಳು, "ಮುಂದಿನ ಶನಿವಾರ ನಾನೇ ಬುತ್ತಿ ಕಟ್ಟಿಕೊಡ್ತೀನಿ, ಇಳೀರಿ" ಅಂದೆ.